ದುಬೈ ಮರಳುದಿಬ್ಬಗಳಲ್ಲಿ ನಾನೇ ಗಾಡಿ ಓಡಿಸಬಹುದೇ? ಬಾಡಿಗೆಗೆ ಟೊಯೋಟಾ ಪ್ರಾಡೊ ಒಳ್ಳೆಯದೋ ಜೀಪ್ ರ್‍ಯಾಂಗ್ಲರೋ?

ಊರಲ್ಲಿ ಮೂರು ವರ್ಷದಿಂದ ಥಾರ್ ಓಡಿಸುತ್ತಿದ್ದೀರಿ, ಡಿಸೆಂಬರ್ ರಜೆಗೆ ಬಂದಾಗ ಮನೆಯವರನ್ನು ನೀವೇ ಮರಳಿಗೆ ಕರೆದುಕೊಂಡು ಹೋಗಬೇಕು ಅಂತಿದ್ದೀರಿ. 2014ರ ಡಿಸೆಂಬರಿನಲ್ಲಿ ನಾನು ಕೇಳಿದ್ದೂ ಇದನ್ನೇ.

ಶಾರ್ಜಾಕ್ಕೆ ಬಂದು ಆಗಿನ್ನೂ ವರ್ಷವಾಗಿರಲಿಲ್ಲ. ಸುಳ್ಯದವನು ನಾನು. ಮಳೆಗಾಲದ ಕೆಸರಿನಲ್ಲಿ ತೋಟದ ಜೀಪು ಓಡಿಸಿ, ಸಂಪಾಜೆ ಘಾಟಿ ಹತ್ತಿ ಇಳಿದು ಪಳಗಿದ ಕೈ. ರಾಷ್ಟ್ರೀಯ ದಿನದ ರಜೆಗೆ ಪ್ರಾಡೊ ಒಂದನ್ನು ಬಾಡಿಗೆಗೆ ತಗೊಂಡೆ. ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಟ್ಟಾ ರಸ್ತೆ ಹಿಡಿದು ಲಹಬಾಬ್‌ನ ಕೆಂಪು ದಿಬ್ಬಗಳಿಗೆ ಹೋದೆ. ಜತೆಗೆ ಉಳ್ಳಾಲದ ಗೆಳೆಯನ ನಿಸ್ಸಾನ್ ಪ್ಯಾಟ್ರೋಲ್ ಗಾಡಿ. ಒಟ್ಟು ಎರಡೇ ಗಾಡಿ.

ಡಾಂಬರು ಮುಗಿಯುವಲ್ಲಿ ಟೈರಿನ ಗಾಳಿ ಇಳಿಸಿದೆವು. ಅದನ್ನು ಸರಿಯಾಗಿಯೇ ಮಾಡಿದೆವು, ಹಾಗಾಗಿ ನೀವೂ ಹಾಗೇ ಮಾಡಿ: ನಾಲ್ಕೂ ಟೈರಿನ ಗಾಳಿಯ ಒತ್ತಡ 35ರಿಂದ 15 ಪಿಎಸ್‌ಐಗೆ, ನಾಲ್ಕೂ ಸಮ. ಎರಡು ಟನ್ ಮೀರಿದ ಗಾಡಿಯಲ್ಲಿ ಒಂದೊಂದು ಚಕ್ರದ ಮೇಲೆ ಸುಮಾರು 550 ಕಿಲೋ ಕೂತಿರುತ್ತೆ. ಲೆಕ್ಕ ಹಾಕಿದರೆ 35 ಪಿಎಸ್‌ಐಯಲ್ಲಿ ಆ ಟೈರು ನೆಲ ಮುಟ್ಟುವ ಜಾಗ 225 ಚದರ ಸೆಂಟಿಮೀಟರ್ ಆಸುಪಾಸು, 15ರಲ್ಲಿ 500 ದಾಟುತ್ತೆ. ಟೈರು ಅಗಲವಾಗುವುದಕ್ಕಿಂತ ಹೆಚ್ಚಾಗಿ ಉದ್ದಕ್ಕೆ ಹಾಸಿಕೊಳ್ಳುತ್ತೆ, ಟ್ಯಾಂಕಿನ ಪಟ್ಟಿಯ ಹಾಗೆ. ಹೆದ್ದಾರಿಯಲ್ಲಿ ಓಡಿ ಬಿಸಿಯಾದ ಟೈರು ಮೂರ್ನಾಲ್ಕು ಪಿಎಸ್‌ಐ ಹೆಚ್ಚು ತೋರಿಸುತ್ತೆ, ತಣಿದ ಮೇಲೆ ಮತ್ತೆ ಇಳಿಯುತ್ತೆ. ಅದಕ್ಕೇ ಮರಳಿಗೆ ಇಳಿದು ಅರ್ಧ ಗಂಟೆ ಕಳೆದ ಮೇಲೆ ಇನ್ನೊಮ್ಮೆ ಗೇಜ್ ಹಿಡಿದು ನೋಡಬೇಕು. ಅದನ್ನು ನಾನು ಮಾಡಲಿಲ್ಲ. ಟೈರು 12ರ ಹತ್ತಿರ ಇದ್ದಿರಬೇಕು.

ಹೊತ್ತು ನಡು ಮಧ್ಯಾಹ್ನ. ಬೆಳಿಗ್ಗೆ ಬೇಗ, ಇಲ್ಲವೇ ಮೂರರ ನಂತರ ದಿಬ್ಬದ ಒಂದು ಮುಖ ಬೆಳಗಿ ಇನ್ನೊಂದು ನೆರಳಲ್ಲಿರುತ್ತೆ, ಏಣು (ದಿಬ್ಬದ ಚೂಪಾದ ನೆತ್ತಿ) ಎಲ್ಲಿದೆ ಹಳ್ಳ ಎಲ್ಲಿದೆ ಅಂತ ಕಣ್ಣಿಗೆ ಗೊತ್ತಾಗುತ್ತೆ. ನಡು ಮಧ್ಯಾಹ್ನದ ಬಿಸಿಲಲ್ಲಿ ಎಲ್ಲ ಒಂದೇ ಹಾಳೆಯಂತೆ ಚಪ್ಪಟೆ. ಗೆಳೆಯ ಒಂದು ದಿಬ್ಬ ಏರಿ ಆಚೆ ಇಳಿದ. ನಾನು ಅವನ ಜಾಡಲ್ಲೇ ಏರಿದೆ. ಮುಕ್ಕಾಲು ಏರಿದಾಗ ಬಾನೆಟ್ಟಿನ ಮುಂದೆ ಆಕಾಶ ಬಿಟ್ಟರೆ ಏನೂ ಕಾಣಲಿಲ್ಲ, ಹೆದರಿ ಕಾಲು ಎತ್ತಿದೆ. ಗಾಡಿ ನಿಂತಿತು.

ಅಲ್ಲಿಯವರೆಗೆ ದೊಡ್ಡ ತಪ್ಪೇನೂ ಆಗಿರಲಿಲ್ಲ. ಪಳಗಿದವರ ಗಾಡಿಯೂ ದಿನಕ್ಕೆ ನಾಲ್ಕಾರು ಸಲ ಏರಿನಲ್ಲಿ ನಿಲ್ಲುತ್ತೆ. ತಪ್ಪಿದ್ದು ಆಮೇಲಿನ ಮೂರು ಸೆಕೆಂಡಿನಲ್ಲಿ: ನಾನು ಸ್ಟೀರಿಂಗನ್ನು ಎಡಕ್ಕೆ ತಿರುಗಿಸಿದೆ. ಅರ್ಧ ಸುತ್ತು ಹಾಕಿ ಮೂತಿ ಕೆಳಗೆ ಮಾಡಿಕೊಂಡು ಇಳಿಯೋಣ ಅಂದುಕೊಂಡೆ.

ಇದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ನಿಮ್ಮ ಕೈಯೂ ಅದನ್ನೇ ಮಾಡುತ್ತೆ. ಘಾಟಿ ರಸ್ತೆ ಕಲಿಸಿದ ಪಾಠ ಏನು? ಕಡಿದಾದ ಕಡೆ ಹಿಂದಕ್ಕೆ ಬಿಡಬೇಡ, ಕಣ್ಣಿಗೆ ಕಾಣುವ ಕಡೆಗೇ ಹೋಗು. ಏರಿನಲ್ಲಿ ನಿಂತಾಗ ಹಿಂದೆ ಏನಿದೆ ಅಂತ ಕಾಣುವುದಿಲ್ಲ, ಎಡಗಡೆಯ ಕಿಟಕಿಯಲ್ಲಿ ಮಾತ್ರ ನುಣುಪಾದ ಮರಳು ಕಾಣುತ್ತೆ. ಕೈ ತಾನಾಗಿ ಅತ್ತ ತಿರುಗುತ್ತೆ. ಮರಳಲ್ಲಿ ಅದೇ ಗಾಡಿ ಉರುಳಿಸುವ ದಾರಿ.

ನಾನು ತಗೊಂಡಿದ್ದ ಆ ಪ್ರಾಡೊದ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಸುಮಾರು 2.8 ಮೀಟರ್ ಅಂತರ. ಎಡ ಮತ್ತು ಬಲ ಚಕ್ರಗಳ ನಡುವೆ 1.6 ಮೀಟರೂ ಇಲ್ಲ. ಎತ್ತರ 1.9 ಮೀಟರ್ ಹತ್ತಿರ. ದಿಬ್ಬಕ್ಕೆ ನೇರವಾಗಿ ನಿಂತಾಗ ಉದ್ದದ ಕಾಲು ಗಾಡಿಯನ್ನು ಹಿಡಿದಿರುತ್ತೆ, ಅಡ್ಡ ತಿರುಗಿದ ಕ್ಷಣ ಗಿಡ್ಡ ಕಾಲಿನ ಮೇಲೆ ನಿಂತ ಹಾಗೆ. ಭಾರವೆಲ್ಲ ಕೆಳಬದಿಯ ಎರಡು ಟೈರಿಗೆ ಬೀಳುತ್ತೆ. ಆ ಟೈರುಗಳಲ್ಲಿ ಗಾಳಿ ಇರುವುದೇ 12. ಗಾಡಿ ಪಕ್ಕಕ್ಕೆ ಜಾರಲು ಶುರುವಾದರೆ ಕೆಳಬದಿಯ ಟೈರಿನ ಪಕ್ಕದಲ್ಲಿ ಮರಳು ಗುಡ್ಡೆಯಾಗಿ ಫುಟ್‌ಪಾತಿನ ಅಂಚಿನಂತೆ ತಡೆ ಹಾಕುತ್ತೆ. ಟೈರಿನ ಗೋಡೆ ಮಡಚಿಕೊಳ್ಳುತ್ತೆ, ಅಂಚು ರಿಮ್ಮಿನಿಂದ ಕಳಚುತ್ತೆ, ಬರಿ ರಿಮ್ ಮರಳಿಗೆ ಗುದ್ದಲಿಯಂತೆ ಕಚ್ಚಿಕೊಳ್ಳುತ್ತೆ. ಮೇಲಿನ ಭಾರ ಮಾತ್ರ ಚಲಿಸುತ್ತಲೇ ಇರುತ್ತೆ. ನಮ್ಮ ಎಡ ಮುಂದಿನ ಟೈರಿಗೆ ಆಗಿದ್ದು ಇದೇ. ಗೆಳೆಯ ಆಚೆಯಿಂದ ನಡೆದು ನೆತ್ತಿಗೆ ಬಂದು "ತಿರುಗಿಸ್ಬೇಡ ಮಾರಾಯ, ನೇರ ಹಿಂದೆ ಬಿಡು!" ಅಂತ ಕೂಗಿದ್ದು ಕೇಳಿಸಿತು. ಅಷ್ಟರಲ್ಲಿ ಗಾಡಿ ನನ್ನ ಬದಿಗೆ, ಅಂದರೆ ಎಡಕ್ಕೆ, ನಿಧಾನವಾಗಿ ಮಲಗಿತು.

ಹೆಂಡತಿ ನನ್ನ ಮೇಲೆ ಬೆಲ್ಟಿನಲ್ಲಿ ನೇತಾಡುತ್ತಿದ್ದಳು. ಗಾಬರಿಯಲ್ಲಿ ನಾನೇ ಅವಳ ಬೆಲ್ಟಿನ ಗುಂಡಿ ಒತ್ತಿದೆ. ಬಿದ್ದಳು, ಮಣಿಕಟ್ಟು ಮುರಿಯಿತು. ಉರುಳಿದ್ದರಿಂದ ಆಗದ ಗಾಯ ಬೆಲ್ಟ್ ಬಿಚ್ಚಿದ್ದರಿಂದ ಆಯಿತು. ಮೊದಲು ಎಂಜಿನ್ ಆಫ್ ಮಾಡಬೇಕು. ಮೇಲಿರುವವರು ಒಂದು ಕೈಯನ್ನು ಚಾವಣಿಗೆ, ಕಾಲನ್ನು ಡ್ಯಾಶ್‌ಬೋರ್ಡಿಗೆ ಒತ್ತಿ ಹಿಡಿದ ಮೇಲೆಯೇ ಬೆಲ್ಟ್ ಬಿಚ್ಚಬೇಕು.

ಆ ಕ್ಷಣದಲ್ಲಿ ಮಾಡಬೇಕಾಗಿದ್ದದ್ದು ಇಷ್ಟು. ಬ್ರೇಕ್ ಒತ್ತಿ ಹಿಡಿ. ನ್ಯೂಟ್ರಲ್ಲಿಗೆ ಹಾಕಬೇಡ. ಸ್ಟೀರಿಂಗ್ ನೇರ ಮಾಡು. ಚಕ್ರ ಎತ್ತ ತಿರುಗಿದೆ ಅಂತ ಸಂಶಯವಿದ್ದರೆ ಕಿಟಕಿಯಿಂದ ತಲೆ ಹಾಕಿ ನೋಡು. ರಿವರ್ಸ್ ಗೇರ್ ಹಾಕು. ಬ್ರೇಕನ್ನು ಮೆಲ್ಲಗೆ ಬಿಡು, ಎಂಜಿನ್ನೇ ಗಾಡಿಯನ್ನು ತಡೆದುಕೊಂಡು ಇಳಿಸಲಿ. ಎರಡೂ ಕನ್ನಡಿಯಲ್ಲಿ ಏರಿ ಬಂದ ಜಾಡು ನೋಡುತ್ತಾ ಅದೇ ಜಾಡಲ್ಲಿ ತಳದವರೆಗೆ ಹೋಗು. ಆ ಮರಳು ಆಗಲೇ ಒತ್ತಿಕೊಂಡಿದೆ, ಅಲ್ಲಿ ಹಳ್ಳವಿಲ್ಲ ಅಂತಲೂ ನಿನಗೆ ಗೊತ್ತು. ಒಂದು ವೇಳೆ ಗಾಡಿ ಆಗಲೇ ಅಡ್ಡ ತಿರುಗಿದ್ದರೆ ಸ್ಟೀರಿಂಗನ್ನು ಮೇಲಕ್ಕೆ ಎಳೆಯಬೇಡ. ಕೆಳಕ್ಕೇ ತಿರುಗಿಸಿ ಸ್ವಲ್ಪ ಆಕ್ಸಿಲರೇಟರ್ ಕೊಡು, ಮೂತಿ ಇಳಿಜಾರಿಗೆ ನೇರವಾಗುತ್ತೆ. ಮನಸ್ಸು ಒಪ್ಪುವುದಿಲ್ಲ, ಆದರೂ ಕಾಪಾಡುವುದು ಅದೇ.

ಇದನ್ನು ಓದಿ ನೆನಪಿಟ್ಟುಕೊಂಡರೆ ಸಾಲದು. ಹತ್ತು ಅಡಿಯ ಸಣ್ಣ ದಿಬ್ಬದಲ್ಲಿ ಬೇಕೆಂದೇ ನಿಲ್ಲಿಸಿ, ಹಿಂದಕ್ಕೆ ಇಳಿಸಿ, ಇಪ್ಪತ್ತು ಸಲ ಮಾಡಿ ಕೈಗೆ ಕೂರಿಸಬೇಕು. ಅದಕ್ಕೇ ಹೇಳುತ್ತೇನೆ, ಪ್ರಾಡೊನಾ ರ್‍ಯಾಂಗ್ಲರಾ ಅನ್ನುವುದು ನಿಮ್ಮ ಪ್ರಶ್ನೆಯೇ ಅಲ್ಲ. ಎರಡಕ್ಕೂ ಫೋರ್ ಲೋ (ನಾಲ್ಕೂ ಚಕ್ರಕ್ಕೆ ನಿಧಾನದ, ಹೆಚ್ಚು ಬಲದ ಗೇರ್) ಇದೆ, ಎರಡೂ ಸಾಕು. ಥಾರ್ ಓಡಿಸಿದ ಅನುಭವದಲ್ಲಿ ಇಲ್ಲಿ ಕೆಲಸಕ್ಕೆ ಬರುವುದು ಫೋರ್ ಲೋ ಹಾಕಲು ಗೊತ್ತಿರುವುದಷ್ಟೇ. ಕೆಸರಿನ, ಕಲ್ಲಿನ, ಘಾಟಿಯ ಅಭ್ಯಾಸ ಉಳಿದ ಕಡೆಯೆಲ್ಲ ನಿಮ್ಮ ವಿರುದ್ಧ ನಿಲ್ಲುತ್ತೆ. ನನ್ನ ವಿರುದ್ಧ ನಿಂತದ್ದೂ ಅದೇ.

ಬಾಡಿಗೆ ಗಾಡಿಯ ವಿಷಯ. ಇಲ್ಲಿನ ಬಾಡಿಗೆ ಕರಾರುಗಳಲ್ಲಿ ಸಾಮಾನ್ಯವಾಗಿ ಡಾಂಬರು ಬಿಟ್ಟು ಇಳಿದರೆ ವಿಮೆ ಇಲ್ಲ ಅಂತ ಬರೆದಿರುತ್ತೆ. ನನ್ನ ಕರಾರಿನಲ್ಲೂ ಇತ್ತು, ಓದದೆ ಸಹಿ ಹಾಕಿದ್ದೆ. ಎರಡು ಬಾಗಿಲು, ಮಡ್‌ಗಾರ್ಡ್, ಕನ್ನಡಿ, ಗಾಜು, ರಿಪೇರಿಯ ದಿನಗಳ ಬಾಡಿಗೆ ಎಲ್ಲ ಸೇರಿ ನನ್ನ ಮೂರು ತಿಂಗಳ ಸಂಬಳ ಹೋಯಿತು. ನೀವು ಪ್ರವಾಸಿ ವೀಸಾದಲ್ಲಿ ಬರುವವರಾದರೆ ಊರಿನ ಲೈಸೆನ್ಸ್ ಜತೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯೂ ಬೇಕು. ಆರ್‌ಟಿಒದಲ್ಲಿ ಮೊದಲೇ ಮಾಡಿಸಿ. ಬಲಗಡೆಯ ಸಂಚಾರ, ಎಡಗಡೆಯ ಸ್ಟೀರಿಂಗ್ ಬೇರೆ.

ನನ್ನ ಮಾತು ಕೇಳುವುದಾದರೆ ಮನೆಯವರನ್ನು ಮರುಭೂಮಿ ಸಫಾರಿ ನಡೆಸುವವರ ಗಾಡಿಯಲ್ಲಿ ಒಂದು ಸಂಜೆ ಕರೆದುಕೊಂಡು ಹೋಗಿ. ನೀವು ಮುಂದಿನ ಸೀಟಿನಲ್ಲಿ ಕೂತು ಚಾಲಕನ ಕಾಲು ನೋಡಿ, ಯಾವಾಗ ಎತ್ತುತ್ತಾನೆ ಅಂತ. ಇನ್ನೊಂದು ಬೆಳಿಗ್ಗೆ ಒಬ್ಬರೇ ಹೋಗಿ ಕಲಿಸುವವರ ಗಾಡಿಯಲ್ಲೇ ಅರ್ಧ ದಿನ ಕಲಿಯಿರಿ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಮೊದಲ ದಿಬ್ಬ ಏರಬೇಡಿ.

ಆ ಅರ್ಧ ದಿನಕ್ಕೆ ಹೋಗುವ ಮೊದಲು ಗೊತ್ತಿರಬೇಕಾದದ್ದು ಕೆಲವಿದೆ. ದಿಬ್ಬಕ್ಕೆ ಎರಡು ಮುಖ. ಗಾಳಿ ಬೀಸುವ ಕಡೆ 10-15 ಡಿಗ್ರಿಯ ಗಟ್ಟಿ ಏರು, ಆಚೆ 32-34 ಡಿಗ್ರಿಯ ಮೆತ್ತನೆಯ ಜಾರು ಮುಖ. ಇಲ್ಲಿ ಶಮಾಲ್ ಗಾಳಿ ವಾಯವ್ಯದಿಂದ ಬರುವುದರಿಂದ ಜಾರು ಮುಖ ಹೆಚ್ಚಾಗಿ ಆಗ್ನೇಯಕ್ಕೆ ಇರುತ್ತೆ. ಏರುವುದು ಗಟ್ಟಿ ಮುಖದಲ್ಲಿ, ಇಳಿಯುವುದು ಜಾರು ಮುಖದಲ್ಲಿ, ಎರಡೂ ದಿಬ್ಬದ ನೆತ್ತಿಗೆ ನೇರವಾಗಿ. ನೆತ್ತಿಗೆ ಒಂದು ಗಾಡಿ ಉದ್ದ ಉಳಿದಾಗ ಕಾಲು ಸಡಿಲಿಸಿ ತೇಲಿದ ಹಾಗೆ ದಾಟಬೇಕು. ನಾನು ಎತ್ತಿದ್ದು ನಾಲ್ಕು ಗಾಡಿ ಉದ್ದ ಮುಂಚೆ. ಕಾಲು ಎತ್ತದೇ ಹೋದರೆ ಗಾಡಿ ಹಾರಿ ಮೂತಿ ಕುಟ್ಟುತ್ತೆ. ಇಳಿಯುವಾಗ ಫೋರ್ ಲೋದಲ್ಲಿ ಒಂದನೇ ಇಲ್ಲವೇ ಎರಡನೇ ಗೇರ್. ಬ್ರೇಕ್ ಒತ್ತಿದರೆ ಹಿಂಭಾಗ ತಿರುಗಿಕೊಳ್ಳುತ್ತೆ. ಬಾಲ ಜಾರುತ್ತಿದೆ ಅನ್ನಿಸಿದರೆ ಆಕ್ಸಿಲರೇಟರನ್ನು ತುಸು ಒತ್ತಿ.

ಟ್ರ್ಯಾಕ್ಷನ್ ಕಂಟ್ರೋಲ್ ಆಫ್ ಇರಬೇಕು. ಚಕ್ರ ಸ್ವಲ್ಪ ತಿರುಗಿ ಜಾರಿದರೂ ಅದು ಎಂಜಿನ್ನಿನ ಶಕ್ತಿ ಕಡಿಮೆ ಮಾಡುತ್ತೆ, ಏರಿನ ಮಧ್ಯೆ ಗಾಡಿ ಉಸಿರು ಕಟ್ಟಿದಂತೆ ನಿಲ್ಲುತ್ತೆ. ಎಷ್ಟೋ ಟೊಯೋಟಾಗಳಲ್ಲಿ ಗುಂಡಿಯನ್ನು ಒಮ್ಮೆ ಒತ್ತಿದರೆ ಅರ್ಧ ಮಾತ್ರ ಆಫ್. ಗಾಡಿ ನಿಲ್ಲಿಸಿ ಮೂರು ಸೆಕೆಂಡಿಗಿಂತ ಹೆಚ್ಚು ಒತ್ತಿ ಹಿಡಿದರೆ ಪೂರ್ತಿ ಆಫ್.

ಸಮತಟ್ಟಿನಲ್ಲಿ ಹೂತುಕೊಂಡರೆ ಆಕ್ಸಿಲರೇಟರ್ ಮುಟ್ಟಬೇಡಿ. ಚಕ್ರದ ಒಂದೊಂದು ಸುತ್ತೂ ಗಾಡಿಯನ್ನು ಹೊಟ್ಟೆಯ ಮೇಲೆ ಕೂರಿಸುತ್ತೆ. ಇಳಿದು ನಾಲ್ಕೂ ಚಕ್ರದ ಹಿಂದೆ ಮುಂದೆ, ಹೊಟ್ಟೆಯ ಕೆಳಗೆ ಮರಳು ತೆಗೆಯಿರಿ. ಗಾಳಿಯನ್ನು 10ಕ್ಕೆ ಇಳಿಸಿ, ಬಂದ ಜಾಡಲ್ಲೇ ಹಿಂದಕ್ಕೆ ಬಿಡಿ. ಹೊರಬಂದ ತಕ್ಷಣ ಮತ್ತೆ 15. ಇದಕ್ಕೂ ಬಗ್ಗದಿದ್ದರೆ ಚಕ್ರದ ಕೆಳಗೆ ಮರಳು ಹಲಗೆ ಇಡಿ. 1920ರ ದಶಕದ ಕೊನೆಯಲ್ಲಿ ಫೋರ್ಡ್ ಕಾರುಗಳಲ್ಲಿ ಲಿಬಿಯಾ ಮರುಭೂಮಿ ಸುತ್ತಿದ ಬ್ರಿಟಿಷ್ ಸೇನೆಯ ಎಂಜಿನಿಯರ್ ರಾಲ್ಫ್ ಬ್ಯಾಗ್ನೋಲ್ಡ್ ಉಕ್ಕಿನ ಪಟ್ಟಿ ಇಟ್ಟು, ಟೈರಿನ ಗಾಳಿ ಇಳಿಸಿ ಹೀಗೇ ಹೊರಬರುತ್ತಿದ್ದರು. ಹಗ್ಗ ಕಟ್ಟಿ ಎಳೆಯುವುದಾದರೆ ಚಾಸಿಗೆ (ಗಾಡಿಯ ಉಕ್ಕಿನ ಚೌಕಟ್ಟಿಗೆ) ಬೋಲ್ಟ್ ಮಾಡಿದ ಕೊಕ್ಕೆಗೆ ಮಾತ್ರ ಕಟ್ಟಿ. ಟ್ರೇಲರ್ ಕಟ್ಟುವ ಉಂಡೆಗೆ ಯಾವತ್ತೂ ಬೇಡ, ಅದು ಮುರಿದು ಗುಂಡಿನಂತೆ ಹಾರಿ ಜನ ಸತ್ತಿದ್ದಾರೆ. ಎಳೆಯುವಾಗ ಹಗ್ಗದ ಮಧ್ಯೆ ಒಂದು ಕಂಬಳಿ ಹಾಕಿ, ಉಳಿದವರು ಹಗ್ಗದ ಎರಡು ಪಟ್ಟು ದೂರ ನಿಲ್ಲಿ.

ನಮ್ಮಲ್ಲಿ ಹಲಗೆಯೂ ಇರಲಿಲ್ಲ, ಮೂರನೇ ಗಾಡಿಯೂ ಇರಲಿಲ್ಲ. ಗೆಳೆಯ ನನ್ನ ಹೆಂಡತಿಯನ್ನು ಆಸ್ಪತ್ರೆಗೆ ಕರೆದೊಯ್ದರೆ ನಾನು ಮರಳಲ್ಲಿ ಒಂಟಿ, ಅವನು ಉಳಿದರೆ ಅವಳಿಗೆ ಗಾಡಿ ಇಲ್ಲ. ಕನಿಷ್ಠ ಮೂರು ಗಾಡಿ ಇರಬೇಕು ಅನ್ನುವುದು ಇದಕ್ಕೆ. ಕೊನೆಗೆ ದಾರಿಯಲ್ಲಿ ಸಿಕ್ಕ ಅಪರಿಚಿತರ ಮೂರು ಗಾಡಿ ಬಂದು, ಮೇಲುಬದಿಯ ಚಾಸಿಗೆ ಹಗ್ಗ ಕಟ್ಟಿ, ದಿಬ್ಬದ ಮೇಲಿನಿಂದ ಚಕ್ರಗಳಿದ್ದ ದಿಕ್ಕಿಗೆ ಎಳೆದು ಪ್ರಾಡೊವನ್ನು ಎಬ್ಬಿಸಿದರು. ನಾನು ತಕ್ಷಣ ಸ್ಟಾರ್ಟ್ ಮಾಡಲು ಹೋದಾಗ ಅವರಲ್ಲೊಬ್ಬರು ಕೀಲಿ ಕಿತ್ತುಕೊಂಡರು. ಮಲಗಿದ ಎಂಜಿನ್ನಿನ ಸಿಲಿಂಡರಿಗೆ ಆಯಿಲ್ ಇಳಿದಿರುತ್ತೆ, ಹಾಗೇ ತಿರುಗಿಸಿದರೆ ಕನೆಕ್ಟಿಂಗ್ ರಾಡ್ ಬಾಗುತ್ತೆ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಸೆಲ್ಫ್ ಹೊಡೆದು ಆಯಿಲ್ ಹೊರಹಾಕಿ, ಮಟ್ಟ ನೋಡಿ ಮತ್ತೆ ತುಂಬಿದ ಮೇಲೆಯೇ ಸ್ಟಾರ್ಟ್ ಮಾಡಿದರು. ಆ ಎಂಜಿನ್ ಉಳಿದದ್ದು ಅವರಿಂದ.

ಗಾಡಿಯಲ್ಲಿ ಇರಬೇಕಾದದ್ದು: ಸಲಿಕೆ, ಹಲಗೆ, ಹಗ್ಗ, ಎರಡು ಷ್ಯಾಕಲ್ (ಹಗ್ಗವನ್ನು ಕೊಕ್ಕೆಗೆ ಸೇರಿಸುವ ಉಕ್ಕಿನ ಕೊಂಡಿ), ಗೇಜ್, ಕಂಪ್ರೆಸರ್, ಜಾಕ್ ಮತ್ತು ಅದರ ಕೆಳಗಿಡಲು ದಪ್ಪ ಮರದ ತುಂಡು, ತಲೆಗೆ 5 ಲೀಟರ್ ನೀರು, ವಾಕಿಟಾಕಿ, ಎತ್ತರದ ಕೋಲಿಗೆ ಕಿತ್ತಳೆ ಬಾವುಟ. ಏಣಿನ ಆಚೆಯಿಂದ ಏರಿ ಬರುವವರಿಗೆ ಮೊದಲು ಕಾಣುವುದು ಬಾವುಟವೇ. ಪೊಲೀಸರ ಸಂಖ್ಯೆ 999, ಆಂಬುಲೆನ್ಸಿಗೆ 998. ಅಬುಧಾಬಿಯ ದಕ್ಷಿಣದ ಲಿವಾ ಕಡೆ ದಿಬ್ಬಗಳ ನಡುವೆ ಬಿಳಿ ಉಪ್ಪಿನ ಬಯಲು ಕಂಡರೆ, ಅದಕ್ಕೆ ಸಬ್ಖಾ ಅನ್ನುತ್ತಾರೆ, ಮಳೆಯ ನಂತರ ಅದರ ಹತ್ತಿರ ಹೋಗಬೇಡಿ. ಮೇಲೆ ಹಪ್ಪಳದಂಥ ಪದರ, ಕೆಳಗೆ ಕೆಸರು.

ಮರಳಿನಿಂದ ಹೊರಬಂದ ಮೇಲೆ 15 ಪಿಎಸ್‌ಐಯಲ್ಲಿ ಹೆದ್ದಾರಿಗೆ ಹೋಗಬೇಡಿ, ಟೈರಿನ ಗೋಡೆ ಕಾದು ಒಡೆಯುತ್ತೆ. ಡಾಂಬರಿನ ಅಂಚಿನಲ್ಲೇ ನಿಂತು ನಾಲ್ಕಕ್ಕೂ ಗಾಳಿ ತುಂಬಿ, ಸಣ್ಣ ಕಂಪ್ರೆಸರಿಗೆ ಅರ್ಧ ಗಂಟೆ ಬೇಕು. ಡಿಸೆಂಬರಿನಲ್ಲಿ ಇಲ್ಲಿ ಸೂರ್ಯ ಐದೂವರೆಗೆ ಮುಳುಗುತ್ತಾನೆ, ಕತ್ತಲಾದರೆ ಹೆಡ್‌ಲೈಟಿನಲ್ಲಿ ಏಣು ಕಾಣುವುದಿಲ್ಲ. ನಾಲ್ಕು ಗಂಟೆಗೆ ಎಲ್ಲಿದ್ದರೂ ರಸ್ತೆಯ ಕಡೆ ತಿರುಗಿ.