ಸಾವಿರಾರು ಗಂಟೆ ಹಾರಿಸಿರೋ ಪೈಲಟ್‌ಗಳೂ ಟೇಕಾಫ್‌ಗೆ ಮುಂಚೆ ಚೆಕ್‌ಲಿಸ್ಟ್ ಯಾಕೆ ಓದ್ತಾರೆ, ಬಾಯಿಪಾಠ ಆಗಿರಲ್ವಾ?

ಆಗಿರುತ್ತೆ, ತೊಂದರೆ ಇರೋದೇ ಅಲ್ಲಿ. ದಿನಾ ಮಾಡೋ ಕೆಲಸದ ಮಧ್ಯೆ ಗಮನ ಬೇರೆ ಕಡೆ ಹೋದ್ರೆ, ಒಂದು ಹೆಜ್ಜೆ ಬಿಟ್ಟೋಗಿದ್ರೂ ಮಾಡಾಯ್ತು ಅಂತ್ಲೇ ಅನ್ಸುತ್ತೆ. 1987ರ ಆಗಸ್ಟ್‌ನಲ್ಲಿ ಡೆಟ್ರಾಯಿಟ್‌ನಲ್ಲಿ ನಾರ್ತ್‌ವೆಸ್ಟ್ ಏರ್‌ಲೈನ್ಸ್‌ನ 255 ನಂಬರ್ ಫ್ಲೈಟ್‌ಗೆ ರನ್‌ವೇ ಬದಲಾಯ್ತು, ಟ್ಯಾಕ್ಸಿ ಮಾಡ್ತಾ (ಅಂದ್ರೆ ವಿಮಾನಾನ ನೆಲದ ಮೇಲೆ ರನ್‌ವೇ ಕಡೆ ಓಡಿಸ್ತಾ) ತಿರುವು ತಪ್ಪಿತು, ಆ ಗಡಿಬಿಡಿಲಿ ಟ್ಯಾಕ್ಸಿ ಚೆಕ್‌ಲಿಸ್ಟ್ ಓದ್ಲೇ ಇಲ್ಲ, ಫ್ಲಾಪ್ (ಕಡಿಮೆ ವೇಗದಲ್ಲೂ ಮೇಲೇಳೋಕೆ ರೆಕ್ಕೆಯಿಂದ ಕೆಳಗಿಳಿಸೋ ಭಾಗ) ಇಳಿಸ್ದೇನೇ ಹೊರಟ್ರು, ಎಚ್ಚರಿಸ್ಬೇಕಾದ ಅಲಾರಂಗೂ ಕರೆಂಟ್ ಇರ್ಲಿಲ್ಲ, 156 ಜನ ಸತ್ರು, ವಿಮಾನದಲ್ಲಿದ್ದೋರಲ್ಲಿ ಉಳಿದಿದ್ದು 4 ವರ್ಷದ ಒಂದು ಹುಡುಗಿ ಮಾತ್ರ.

ಅದಕ್ಕೇ ಒಬ್ರು "ಫ್ಲಾಪ್ಸ್?" ಅಂತ ಓದ್ತಾರೆ, ಇನ್ನೊಬ್ರು ಲಿವರ್ರೂ ಗೇಜೂ ಎರಡೂ ನೋಡಿ ಎಷ್ಟಿದೆ ಅನ್ನೋ ನಂಬರನ್ನೇ ಹೇಳ್ಬೇಕು, ಬರೀ "ಆಯ್ತು" ಅಂದ್ರೆ ನಡೆಯಲ್ಲ. ಮಧ್ಯೆ ಎಟಿಸಿ (ವಿಮಾನ ಸಂಚಾರ ನಿಯಂತ್ರಣದೋರು) ಕರೆದು ಎಲ್ಲಿಗೆ ನಿಲ್ಸಿದ್ವಿ ಅಂತ ಅನುಮಾನ ಬಂದ್ರೆ ಮತ್ತೆ ಮೊದಲಿಂದ.

ಹರಟೆಗೂ ಕಡಿವಾಣ ಇದೆ. ಅಮೆರಿಕದಲ್ಲಿ 1981ರಿಂದ ಟ್ಯಾಕ್ಸಿ ಶುರುವಾಗಿ 10,000 ಅಡಿ ದಾಟೋವರೆಗೂ ಕೆಲಸಕ್ಕೆ ಸಂಬಂಧ ಇಲ್ಲದ ಮಾತು ಕಾಕ್‌ಪಿಟ್‌ನಲ್ಲಿ ಆಡಂಗಿಲ್ಲ. (ನಿಯಮ ಇದ್ರೆ ಸಾಕಾ, ಅದು ಬೇರೆ ಪ್ರಶ್ನೆ!) 1988ರಲ್ಲಿ ಡಲ್ಲಾಸ್‌ನಲ್ಲಿ ಡೆಲ್ಟಾ ಏರ್‌ಲೈನ್ಸ್‌ನ 1141 ನಂಬರ್ ಫ್ಲೈಟ್‌ನ ಕಾಕ್‌ಪಿಟ್ ಸಿಬ್ಬಂದಿ ಟೇಕಾಫ್‌ಗೆ ಕಾಯ್ತಾ ಫ್ಲೈಟ್ ಅಟೆಂಡೆಂಟ್ ಜೊತೆ ಹರಟ್ತಾ ಇದ್ರು, ಆಮೇಲೆ ಚೆಕ್‌ಲಿಸ್ಟ್ ಓದಿದ್ರು ಕೂಡ, ಫ್ಲಾಪ್ಸ್ ಅಂದಾಗ "ಫಿಫ್ಟೀನ್, ಫಿಫ್ಟೀನ್, ಗ್ರೀನ್ ಲೈಟ್" ಅಂತ ಉತ್ತರಾನೂ ಬಂತು, ಆದ್ರೆ ಫ್ಲಾಪ್ ಇಳಿದೇ ಇರ್ಲಿಲ್ಲ. 14 ಜನ ಸತ್ರು.