ಓದುಗರ ಪ್ರಶ್ನೆ, ನಮ್ಮ ಉತ್ತರ: ಅಜಾನ್ ಕೇಳಿಸದ ಊರಲ್ಲಿ ದೀನಿನ (ಧರ್ಮದ) ದಿನಚರಿ

ಈ ಸಲ ಬಂದ ಕಾಗದಗಳಲ್ಲಿ ಹೆಚ್ಚಿನವು ಅಮೆರಿಕದಲ್ಲಿರುವ ಮಕ್ಕಳು, ಮೊಮ್ಮಕ್ಕಳ ನಮಾಜು, ಓದು, ಮಸೀದಿಯ ಬಗ್ಗೆ. ಶಿವಮೊಗ್ಗದ ಮೊಹಲ್ಲಾಗಳಲ್ಲಿ ಅಜಾನ್ ತಾನಾಗಿ ಕಿವಿಗೆ ಬೀಳುತ್ತದೆ, ಮದರಸ ಬೀದಿಯ ಕೊನೆಯಲ್ಲೇ ಇರುತ್ತದೆ. ಅಲ್ಲಿ ಇವನ್ನೆಲ್ಲ ಮನೆಯವರೇ ಗಡಿಯಾರ ನೋಡಿ ಹೊಂದಿಸಿಕೊಳ್ಳಬೇಕು. ಆದ್ದರಿಂದ ಲೆಕ್ಕವನ್ನೇ ಬಿಡಿಸಿ ಹೇಳಿದ್ದೇವೆ.

ಮಗ ನ್ಯೂಜೆರ್ಸಿಯಲ್ಲಿದ್ದಾನೆ. ಈಶಾನ್ಯಕ್ಕೆ ಮುಖ ಮಾಡಿ ನಮಾಜು ಮಾಡುತ್ತಾನಂತೆ. ಭೂಪಟದಲ್ಲಿ ಮಕ್ಕಾ ಅಮೆರಿಕಕ್ಕೆ ಆಗ್ನೇಯದಲ್ಲಿ ಕಾಣುತ್ತದೆ. ಅವನದು ತಪ್ಪಲ್ಲವೇ? (ಭದ್ರಾವತಿಯ ತಾಯಿ)

ಮಗ ಮಾಡುತ್ತಿರುವುದು ಸರಿ, ಅಮ್ಮ. ಗೋಡೆಯ ಭೂಪಟ ಚಪ್ಪಟೆ, ಭೂಮಿ ದುಂಡು. ಶಾಲೆಯಿಂದ ಒಂದು ಗ್ಲೋಬ್ ತರಿಸಿ, ನ್ಯೂಯಾರ್ಕ್‌ನಿಂದ ಮಕ್ಕಾಕ್ಕೆ ದಾರ ಹಿಡಿದು ಬಿಗಿಯಾಗಿ ಎಳೆಯಿರಿ. ದಾರ ಮೊದಲು ಈಶಾನ್ಯಕ್ಕೆ ಏರಿ, ಅಟ್ಲಾಂಟಿಕ್ ದಾಟಿ, ಆಮೇಲೆ ಕೆಳಗಿಳಿಯುತ್ತದೆ. ಅತಿ ಹತ್ತಿರದ ದಾರಿ ಅದೇ. ಉತ್ತರದಿಂದ ಪೂರ್ವಕ್ಕೆ ಅಳೆದರೆ ಕಿಬ್ಲಾ (ನಮಾಜಿಗೆ ಮುಖ ಮಾಡುವ ಮಕ್ಕಾದ ದಿಕ್ಕು) ನ್ಯೂಯಾರ್ಕ್ ಕಡೆ ಸುಮಾರು 58 ಡಿಗ್ರಿ, ಡಲ್ಲಾಸ್‌ನಲ್ಲಿ 43, ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಬರೀ 19. ನಮ್ಮಲ್ಲಿ ‘ಪಡುವಣ’ ಅಂದರೆ ಸಾಕಾಗುತ್ತದೆ. ಕಟ್ಟುನಿಟ್ಟಾಗಿ ನೋಡಿದರೆ ಶಿವಮೊಗ್ಗದಲ್ಲೂ ಪಶ್ಚಿಮದಿಂದ 17–18 ಡಿಗ್ರಿ ಉತ್ತರಕ್ಕೆ ತಿರುಗಬೇಕು.

ಎಡವುವುದು ದಿಕ್ಸೂಚಿಯಲ್ಲಿ. ಮುಳ್ಳು ತೋರಿಸುವುದು ಕಾಂತದ ಉತ್ತರ, ನಿಜವಾದ ಉತ್ತರವಲ್ಲ. ನಮ್ಮ ಮಲೆನಾಡಿನಲ್ಲಿ ಎರಡಕ್ಕೂ ಅಂತರ ಕಡಿಮೆ. ನ್ಯೂಯಾರ್ಕ್‌ನಲ್ಲಿ ಮುಳ್ಳು ಸುಮಾರು 13 ಡಿಗ್ರಿ ಪಶ್ಚಿಮಕ್ಕೆ ವಾಲುತ್ತದೆ, ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಅಷ್ಟೇ ಪೂರ್ವಕ್ಕೆ. ಹಾಗಾಗಿ ಅಂಗಡಿಯಲ್ಲಿ ಕೊಂಡ ದಿಕ್ಸೂಚಿ ಹಿಡಿದವರು ನ್ಯೂಯಾರ್ಕ್‌ನಲ್ಲಿ 71ಕ್ಕೆ, ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ 6ಕ್ಕೆ ತಿರುಗಬೇಕು. ಫೋನಿನಲ್ಲಾದರೆ ‘ಟ್ರೂ ನಾರ್ತ್’ ಆಯ್ಕೆ ಹಾಕಿಕೊಂಡರೆ ಈ ಕೂಡಿ ಕಳೆಯುವ ಕೆಲಸವಿಲ್ಲ. ಕಬ್ಬಿಣದ ಮೇಜು, ಹೀಟರ್, ಕಾರಿನ ಹತ್ತಿರ ಫೋನ್ ಹಿಡಿದರೆ ಅದೂ ದಿಕ್ಕು ತಪ್ಪುತ್ತದೆ. ಹನಫಿ ಮದ್‌ಹಬ್‌ನಲ್ಲಿ (ಶರೀಅತ್ ನಿಯಮದ ಒಂದು ಪಂಥ) 45 ಡಿಗ್ರಿಯೊಳಗಿನ ವ್ಯತ್ಯಾಸಕ್ಕೆ ನಮಾಜು ಕೆಡುವುದಿಲ್ಲ. ಇನ್ನೊಂದು ಪಂಥವಾದ ಶಾಫಿಗಳ ನಿಯಮ ಇನ್ನೂ ಬಿಗಿ. ಒಮ್ಮೆ ಸರಿಯಾಗಿ ನೋಡಿ ಜಾನಮಾಜಿನ (ನಮಾಜಿನ ಹಾಸಿನ) ಜಾಗ ಗೊತ್ತುಮಾಡಿಕೊಂಡರೆ ಮುಗಿಯಿತು.

ಮಗಳು ಶಿಕಾಗೊದಲ್ಲಿ ಕೆಲಸದಲ್ಲಿದ್ದಾಳೆ. ಫೋನಿನ ಎರಡು ಆ್ಯಪ್ ಫಜ್ರ್‌ಗೆ (ಬೆಳಗಿನ ಜಾವದ ನಮಾಜಿಗೆ) ಎರಡು ಸಮಯ ತೋರಿಸುತ್ತವೆ. ಜುಮಾ (ಶುಕ್ರವಾರದ ನಮಾಜಿನ) ಸಮಯವೂ ಮಾರ್ಚ್‌ನಲ್ಲಿ ಒಂದು ಗಂಟೆ ಮುಂದೆ ಹೋಗುತ್ತದೆ. ಯಾವುದನ್ನು ನಂಬಬೇಕು? (ಶಿವಮೊಗ್ಗ)

ಎರಡೂ ಆ್ಯಪ್ ಸುಳ್ಳು ಹೇಳುತ್ತಿಲ್ಲ. ಸೂರ್ಯ ಕ್ಷಿತಿಜದಿಂದ ಎಷ್ಟು ಡಿಗ್ರಿ ಕೆಳಗಿದ್ದಾಗ ಫಜ್ರ್ ಶುರು ಎಂಬ ಲೆಕ್ಕ ಬೇರೆ ಬೇರೆ. ಉತ್ತರ ಅಮೆರಿಕದ ಇಸ್ನಾ ಸಂಸ್ಥೆಯ ಹೆಸರಲ್ಲಿ ಚಾಲ್ತಿಯಲ್ಲಿರುವುದು 15 ಡಿಗ್ರಿ. ಕರಾಚಿ ಲೆಕ್ಕ 18. ನಮ್ಮ ಸೀಮೆಯಲ್ಲಿ ಈ ಮೂರು ಡಿಗ್ರಿಗೆ ಹನ್ನೆರಡು–ಹದಿಮೂರು ನಿಮಿಷದ ವ್ಯತ್ಯಾಸ, ಯಾರೂ ಗಮನಿಸುವುದಿಲ್ಲ. ಶಿಕಾಗೊದಲ್ಲಿ ಜೂನ್ ಕೊನೆಗೆ 18ರ ಲೆಕ್ಕದಲ್ಲಿ ಫಜ್ರ್ 3 ಗಂಟೆ ದಾಟುತ್ತಿದ್ದಂತೆ, 15ರ ಲೆಕ್ಕದಲ್ಲಿ 3.30ಕ್ಕೆ. ಜಾಗ್ರತೆಯ ದಾರಿ ಇದು: ರೋಜಾ ಹಿಡಿಯುವಾಗ ಮೊದಲಿನ ಸಮಯಕ್ಕೆ ಸಹರಿ (ಉಪವಾಸಕ್ಕೆ ಮುಂಚಿನ ಊಟ) ನಿಲ್ಲಿಸುವುದು, ಫಜ್ರ್ ನಮಾಜನ್ನು ಎರಡನೆಯದು ದಾಟಿದ ಮೇಲೆ ಮಾಡುವುದು. ಅಸರ್ (ಇಳಿಹೊತ್ತಿನ ನಮಾಜು) ಸಮಯಕ್ಕೂ ಆ್ಯಪ್‌ನಲ್ಲಿ ಹನಫಿ, ಶಾಫಿ ಎಂದು ಆರಿಸುವ ಜಾಗ ಇರುತ್ತದೆ. ಉರ್ದು ಮನೆಮಾತಿನವರು ಹೆಚ್ಚಾಗಿ ಹನಫಿ, ಬ್ಯಾರಿಗಳು ಶಾಫಿ. ಅದನ್ನು ನೋಡದೆ ಬಿಟ್ಟರೆ ಒಂದು ಗಂಟೆಯಷ್ಟು ವ್ಯತ್ಯಾಸ ಬೀಳುತ್ತದೆ.

ಜುಮಾದ್ದು ಸರಳ. ಮಾರ್ಚ್ ಎರಡನೇ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ಇಡುತ್ತಾರೆ, ನವೆಂಬರ್ ಮೊದಲ ಭಾನುವಾರ ಹಿಂದಕ್ಕೆ. ಸೂರ್ಯ ನೆತ್ತಿಗೆ ಬರುವುದು ಶಿಕಾಗೊದಲ್ಲಿ ಚಳಿಗಾಲದಲ್ಲಿ 12ರ ಆಸುಪಾಸು, ಬೇಸಿಗೆಯಲ್ಲಿ 1ರ ಆಸುಪಾಸು. ಝುಹರ್ (ಮಧ್ಯಾಹ್ನದ ನಮಾಜಿನ ಹೊತ್ತು) ಆಗದೆ ಜುಮಾ ಇಲ್ಲವಾದ್ದರಿಂದ ಮಸೀದಿಯೂ ಸರಿಸಬೇಕಾಗುತ್ತದೆ. ಕಾರು ನಿಲ್ಲಿಸಲು ಜಾಗ ಸಾಲದ ಮಸೀದಿಗಳಲ್ಲಿ ಎರಡು ಮೂರು ಜಮಾಅತ್ (ಸಾಮೂಹಿಕ ನಮಾಜು) ನಡೆಯುತ್ತವೆ. ಖುತ್ಬಾದ (ಜುಮಾ ಪ್ರವಚನದ) ಹೊತ್ತನ್ನು ಮಸೀದಿಯ ಪಟ್ಟಿ ನೋಡಿಯೇ ತಿಳಿಯಬೇಕು.

ಕಚೇರಿಯ ವಿಷಯ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇವೆ. 1964ರ ನಾಗರಿಕ ಹಕ್ಕು ಕಾಯ್ದೆಯ ಪ್ರಕಾರ 15 ಅಥವಾ ಹೆಚ್ಚು ನೌಕರರಿರುವ ಮಾಲೀಕರು ಧಾರ್ಮಿಕ ಆಚರಣೆಗೆ ಅನುವು ಮಾಡಿಕೊಡಬೇಕು. 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಇದನ್ನು ಇನ್ನೂ ಗಟ್ಟಿ ಮಾಡಿತು: ಸಣ್ಣ ತೊಂದರೆ ಎಂಬ ನೆಪ ಸಾಲದು, ವ್ಯವಹಾರಕ್ಕೆ ಗಣನೀಯ ಹೊರೆ ಬೀಳುತ್ತದೆಂದು ತೋರಿಸಬೇಕು. ಮಗಳು ಬಾಯಲ್ಲಿ ಕೇಳದೆ ಇ-ಮೇಲ್‌ನಲ್ಲಿ ಬರೆದು ಕೇಳಲಿ. ದಿನ, ಹೊತ್ತು, ಆ ಕೆಲಸವನ್ನು ಯಾವಾಗ ತುಂಬಿಕೊಡುತ್ತಾಳೆ ಎಂಬ ಮೂರೂ ಅದರಲ್ಲಿರಲಿ.

ಮೊಮ್ಮಕ್ಕಳಿಗೆ ಆರು, ಒಂಬತ್ತು ವರ್ಷ. ಡಲ್ಲಾಸ್‌ನಲ್ಲಿ ಭಾನುವಾರ ಮಾತ್ರ ಮದರಸ. ಎರಡು ವರ್ಷವಾದರೂ ಕಾಯಿದಾ (ಅರಬ್ಬಿ ಅಕ್ಷರ ಕಲಿಸುವ ಮೊದಲ ಪುಸ್ತಕ) ಮುಗಿದಿಲ್ಲ. ಇಲ್ಲಿನ ಹಾಫಿಜ್ (ಕುರ್‌ಆನ್ ಬಾಯಿಪಾಠ ಮಾಡಿದ) ಸಾಬರಿಂದ ಫೋನಿನಲ್ಲೇ ಪಾಠ ಹೇಳಿಸಬಹುದೇ? (ತೀರ್ಥಹಳ್ಳಿಯ ಅಜ್ಜ)

ಹೇಳಿಸಬಹುದು, ಹೇಳಿಸಲೇಬೇಕು. ವಾರಕ್ಕೆ ಒಂದು ದಿನ ಮೂರು ಗಂಟೆ ಕೂರಿಸಿದರೆ ಕಾಯಿದಾ ಸಾಗುವುದಿಲ್ಲ. ಅಕ್ಷರ ಕಲಿಯುವ ಮಗುವಿಗೆ ದಿನಾ ಇಪ್ಪತ್ತು ನಿಮಿಷ ಬೇಕು, ಆರು ದಿನದ ಬಿಡುವಿನಲ್ಲಿ ಕಲಿತದ್ದು ಹಾರಿಹೋಗುತ್ತದೆ.

ಹೊತ್ತು ಹೀಗೆ ಕೂಡುತ್ತದೆ. ಇಲ್ಲಿ ಬೆಳಿಗ್ಗೆ 6.30 ಆದಾಗ ಡಲ್ಲಾಸ್‌ನಲ್ಲಿ ಹಿಂದಿನ ದಿನದ ಸಂಜೆ 7, ಅಲ್ಲಿನ ಬೇಸಿಗೆ ಸಮಯದಲ್ಲಿ 8. ಹಾಫಿಜ್ ಸಾಬರು ಫಜ್ರ್ ಮುಗಿಸಿ ಕೂರುವ ಹೊತ್ತಿಗೆ ಮಕ್ಕಳು ಶಾಲೆ, ಊಟ ಮುಗಿಸಿರುತ್ತಾರೆ. ನಮ್ಮ ಸೋಮವಾರ ಬೆಳಗಿನ ಪಾಠ ಅವರಿಗೆ ಭಾನುವಾರ ಸಂಜೆ ಎಂಬುದನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ; ಮೊದಲ ತಿಂಗಳು ಗೊಂದಲ ಆಗುವುದು ಇದರಲ್ಲೇ. ಬೇಸಿಗೆಯಲ್ಲಿ 8 ಗಂಟೆ ಆರು ವರ್ಷದ ಮಗುವಿಗೆ ನಿದ್ದೆಯ ಹೊತ್ತು. ಆ ತಿಂಗಳುಗಳಲ್ಲಿ ಚಿಕ್ಕದಕ್ಕೆ ಮೊದಲು, ದೊಡ್ಡದಕ್ಕೆ ಆಮೇಲೆ.

ಇನ್ನು ಪುಸ್ತಕ. ಭಾನುವಾರದ ಮದರಸದಲ್ಲಿ ಮದೀನಾ ಮುದ್ರಣದ ಮುಸ್‌ಹಫ್ (ಕುರ್‌ಆನ್ ಪ್ರತಿ) ಇರುವ ಸಂಭವ ಹೆಚ್ಚು, ನಮ್ಮಲ್ಲಿ ಓದುವುದು ಹಿಂದೂಸ್ತಾನಿ ಬರಹದ್ದು. ಕುರ್‌ಆನ್ ಒಂದೇ, ಆದರೆ ಸುಕೂನಿನ (ಸ್ವರವಿಲ್ಲದ ಅಕ್ಷರದ) ಗುರುತು, ಎಳೆದು ಓದುವ ಗುರುತು, ಅಲಿಫ್ ಬರೆಯುವ ರೀತಿ ಬೇರೆ. ಎರಡನ್ನೂ ಒಟ್ಟಿಗೆ ನೋಡಿದ ಮಗು ಎರಡರಲ್ಲೂ ತಡವರಿಸುತ್ತದೆ. ನಿಮ್ಮ ಮೊಮ್ಮಕ್ಕಳು ಹಿಂದೆ ಬಿದ್ದಿರುವುದಕ್ಕೆ ಇದೂ ಒಂದು ಕಾರಣ ಇರಬಹುದು. ಯಾವುದಾದರೂ ಒಂದನ್ನು ಗೊತ್ತುಮಾಡಿ, ಅದೇ ಮುದ್ರಣದ ಪ್ರತಿ ಹಾಫಿಜ್ ಸಾಬರ ಕೈಯಲ್ಲೂ ಇರಲಿ. ‘ಐದನೇ ಸಾಲು’ ಅಂದರೆ ಇಬ್ಬರ ಬೆರಳೂ ಒಂದೇ ಕಡೆ ಹೋಗಬೇಕು.

ಉಚ್ಚಾರದಲ್ಲಿ ಇಂಗ್ಲಿಷ್ ನಾಲಿಗೆಯ ಮಕ್ಕಳು ಗಂಟಲಿನ ಅಕ್ಷರಗಳಲ್ಲಿ ಸೋಲುತ್ತಾರೆ: ಐನ್ ಅಲಿಫ್ ಆಗುತ್ತದೆ, ದೊಡ್ಡ ಹಾ ಚಿಕ್ಕ ಹಾ ಆಗುತ್ತದೆ, ಕಾಫ್‌ಗಳೆರಡೂ ಒಂದೇ ಆಗುತ್ತವೆ. ಫೋನು ಈ ತಪ್ಪನ್ನು ಮುಚ್ಚಿಹಾಕುತ್ತದೆ. ಕರೆಯಲ್ಲಿ ಧ್ವನಿಯ ತೆಳುವಾದ ಭಾಗ ಕತ್ತರಿಸಿಹೋಗುವುದರಿಂದ ಸೀನ್, ಸಾದ್, ಸಾ ಮೂರೂ ಒಂದೇ ತರಹ ಕೇಳುತ್ತವೆ. ಎರಡೂ ಕಡೆ ತಂತಿಯ ಇಯರ್‌ಫೋನ್ ಇರಲಿ, ಕ್ಯಾಮೆರಾ ಮಗುವಿನ ಬಾಯಿ ಕಾಣುವಂತೆ ಇರಲಿ. ಭಾನುವಾರದ ಮದರಸವನ್ನು ಬಿಡಿಸಬೇಡಿ: ಅಲ್ಲಿನ ಉಸ್ತಾದರು ಎದುರಿಗೆ ಕೂರಿಸಿ ಈ ಮೂರು ಅಕ್ಷರ ಕೇಳಲಿ. ಜೊತೆಗೆ ಓರಗೆಯ ಮಕ್ಕಳ ಸಹವಾಸ ಫೋನಿನಲ್ಲಿ ಸಿಗುವಂಥದ್ದಲ್ಲ.

ಜೂನ್–ಜುಲೈ ಮಳೆಗೆ ತೀರ್ಥಹಳ್ಳಿ ಕಡೆ ಕರೆಂಟು, ನೆಟ್‌ವರ್ಕ್ ಎರಡೂ ಹೋಗುವ ದಿನ ಬರುತ್ತದೆ. ಅಂದು ಮಗು ಪಾಠ ಓದಿ ಧ್ವನಿ ಸಂದೇಶ ಕಳಿಸಲಿ, ಹಾಫಿಜ್ ಸಾಬರು ಕರೆಂಟು ಬಂದಾಗ ಕೇಳಿ ತಿದ್ದಿ ಕಳಿಸಲಿ. ಇನ್ನೊಂದು ಮಾತು, ಇದರಲ್ಲಿ ಸಂಕೋಚ ಬೇಡ: ಪಾಠ ನಡುಮನೆಯಲ್ಲಿ, ಸ್ಪೀಕರ್‌ನಲ್ಲಿ ಅಥವಾ ಅಪ್ಪ–ಅಮ್ಮನ ಕಣ್ಣೆದುರು ನಡೆಯಬೇಕು, ಬಾಗಿಲು ಹಾಕಿದ ಕೋಣೆಯಲ್ಲಿ ಅಲ್ಲ. ಒಳ್ಳೆಯ ಉಸ್ತಾದರು ತಾವೇ ಇದನ್ನು ಕೇಳುತ್ತಾರೆ.

ಅಲ್ಲಿನ ಪ್ಯಾಕೆಟ್‌ಗಳಲ್ಲಿ ನಮ್ಮ ಹಾಗೆ ಹಸಿರು ಚುಕ್ಕೆ ಇಲ್ಲವಂತೆ. ಸೊಸೆ ಏನು ನೋಡಬೇಕು? (ಸಾಗರ)

ಜೆಲಟಿನ್, ಲಾರ್ಡ್, ರೆನೆಟ್. ಮೊದಲನೆಯದು ಪ್ರಾಣಿಯ ಚರ್ಮ–ಮೂಳೆಯ ಅಂಟು, ಮಿಠಾಯಿ, ಮಾತ್ರೆಗಳಲ್ಲಿ, ಎರಡನೆಯದು ಹಂದಿಯ ಕೊಬ್ಬು, ಡಬ್ಬಿಯ ಬೇಯಿಸಿದ ಕಾಳಿನಲ್ಲೂ ಇರುತ್ತದೆ, ಮೂರನೆಯದು ಹಾಲು ಒಡೆಸುವ ವಸ್ತು, ಕರುವಿನ ಹೊಟ್ಟೆಯಿಂದಲೂ ತೆಗೆಯುವಂಥದ್ದು, ಚೀಸ್‌ನಲ್ಲಿ. ವೆನಿಲಾ ಎಕ್ಸ್‌ಟ್ರ್ಯಾಕ್ಟ್ ಎಂದು ಮಾರುವುದರಲ್ಲಿ ಅಲ್ಲಿನ ನಿಯಮದಂತೆ ಕನಿಷ್ಠ 35 ಶೇಕಡಾ ಆಲ್ಕೋಹಾಲ್ ಇರಬೇಕು. ವೃತ್ತದೊಳಗಿನ ‘ಯು’ ಯಹೂದಿಗಳ ಕೋಶರ್ ಗುರುತು. ಹಂದಿ ಇಲ್ಲವೆಂದು ತಿಳಿಯಬಹುದು, ಮದ್ಯ ಇಲ್ಲವೆಂದು ಹೇಳಲಾಗದು.

ಅಳಿಯನ ಮಸೀದಿಯಲ್ಲಿ ಸದಸ್ಯತ್ವ ಶುಲ್ಕ ಕಟ್ಟಿ ವೋಟು ಹಾಕುತ್ತಾರಂತೆ. ಅದು ವಕ್ಫ್ ಅಲ್ಲವೇ? ಮುತವಲ್ಲಿ (ವಕ್ಫ್ ಆಸ್ತಿ ನೋಡಿಕೊಳ್ಳುವವರು) ಯಾರು? (ರಿಪ್ಪನ್‌ಪೇಟೆ)

ಅಲ್ಲಿ ಸರ್ಕಾರದ ವಕ್ಫ್ ಮಂಡಳಿ ಇಲ್ಲ. ಮಸೀದಿ ಆಯಾ ರಾಜ್ಯದಲ್ಲಿ ಲಾಭವಿಲ್ಲದ ಸಂಸ್ಥೆಯಾಗಿ ನೋಂದಣಿಯಾಗುತ್ತದೆ, ಬೈಲಾ ಬರೆದುಕೊಳ್ಳುತ್ತದೆ, ಆಡಳಿತ ಮಂಡಳಿ ನಡೆಸುತ್ತದೆ. ಮುತವಲ್ಲಿಯ ಕೆಲಸ ಮಂಡಳಿಯದು, ಇಮಾಮರು ಸಂಬಳದ ನೌಕರರು. ಜಾಗವನ್ನು ಮಾರಿಬಿಡದಂತೆ ಕೆಲವು ಮಸೀದಿಗಳು ಆಸ್ತಿಯ ಪತ್ರವನ್ನು 1973ರಲ್ಲಿ ಶುರುವಾದ ನಾರ್ತ್ ಅಮೆರಿಕನ್ ಇಸ್ಲಾಮಿಕ್ ಟ್ರಸ್ಟ್ ಹೆಸರಿಗೆ ಮಾಡಿರುತ್ತವೆ. ಜಗಳ ಹುಟ್ಟುವುದು ಬೈಲಾದಲ್ಲಿ ಬರೆಯದೆ ಬಿಟ್ಟ ಮೂರು ಕಡೆ: ಇಮಾಮರನ್ನು ತೆಗೆಯುವ ಅಧಿಕಾರ ಯಾರದು, ಮಂಡಳಿಯ ಅವಧಿ ಎಷ್ಟು, ಝಕಾತ್ (ಕಡ್ಡಾಯ ದಾನ) ಹಣ ಕಟ್ಟಡದ ಹಣದೊಂದಿಗೆ ಸೇರುತ್ತದೆಯೇ. ಅಳಿಯ ಶುಲ್ಕ ಕಟ್ಟುವ ಮುನ್ನ ಬೈಲಾ ಕೇಳಿ ಓದಲಿ. 250 ಡಾಲರ್ ಮತ್ತು ಮೇಲ್ಪಟ್ಟ ದಾನಕ್ಕೆ ತೆರಿಗೆ ವಿನಾಯಿತಿ ಬೇಕಾದರೆ ಬರಹದ ರಸೀದಿ ಇಟ್ಟುಕೊಳ್ಳಬೇಕು.

ಬಾಬಾಬುಡನ್‌ಗಿರಿ, ಹಣಗೆರೆಕಟ್ಟೆಯಂಥ ದರ್ಗಾದ ಜಾಗ ಅಲ್ಲಿ ಉಂಟೇ? (ಚಿಕ್ಕಮಗಳೂರು)

ವಿರಳ, ಆದರೆ ಉಂಟು. ಪೆನ್ಸಿಲ್ವೇನಿಯಾದ ಕೋಟ್ಸ್‌ವಿಲ್‌ನಲ್ಲಿ ಸೂಫಿ ಗುರು ಬಾವಾ ಮುಹಯ್ಯದ್ದೀನ್ ಅವರ ಮಜಾರ್ (ಸಮಾಧಿ) ಇದೆ. ಶ್ರೀಲಂಕಾದಿಂದ 1971ರಲ್ಲಿ ಫಿಲಡೆಲ್ಫಿಯಾಕ್ಕೆ ಬಂದ ಇವರು ಕೊನೆಯವರೆಗೂ ತಮಿಳಿನಲ್ಲೇ ಮಾತಾಡಿದರು, ಪಕ್ಕದಲ್ಲಿದ್ದವರು ಇಂಗ್ಲಿಷಿಗೆ ಹೇಳುತ್ತಿದ್ದರು. 1986ರಲ್ಲಿ ತೀರಿಕೊಂಡರು. ಇವರಿಗಿಂತ ಮೊದಲು, 1910ರಲ್ಲಿ, ಬರೋಡಾದ ಇನಾಯತ್ ಖಾನ್ ವೀಣೆ ಹಿಡಿದು ಹೋಗಿ ಸೂಫಿ ಮಾತನ್ನು ಅಲ್ಲಿ ಹರಡಿದ್ದರು. ಅವರ ತಾತ ಮೌಲಾ ಬಕ್ಷ್ ಮೈಸೂರು ಅರಸರಿಂದ ಸನ್ಮಾನ ಪಡೆದ ಸಂಗೀತಗಾರ. ನಮ್ಮ ಕಡೆಯ ಉರೂಸಿನ ಸಂದಣಿ, ಸಂದಲ್ ಮೆರವಣಿಗೆ ಅಲ್ಲಿ ಹುಡುಕಬೇಡಿ. ಹೆಚ್ಚಿನ ಊರುಗಳಲ್ಲಿ ಇರುವುದು ಮನೆಯೊಳಗಿನ ಝಿಕ್ರ್ ಹಲ್ಕಾ (ದೇವರ ನಾಮಸ್ಮರಣೆಯ ಕೂಟ), ಗುರುವಾರವೋ ಶನಿವಾರವೋ ರಾತ್ರಿ.

ಅಮೆರಿಕದ ಇಸ್ಲಾಮ್ ಎಂದರೆ ಮೊನ್ನೆ ಮೊನ್ನೆ ಹೋದ ಇಂಜಿನಿಯರುಗಳದ್ದೇ? ಅಲ್ಲಿ ದೀನಿ ಓದಿಗೆ ಕಾಲೇಜು ಇದೆಯೇ? (ಶಿವಮೊಗ್ಗದ ವಿದ್ಯಾರ್ಥಿನಿ)

ಅಲ್ಲವೇ ಅಲ್ಲ. ಪಶ್ಚಿಮ ಆಫ್ರಿಕಾದ ಫೂತಾ ತೋರೊದಲ್ಲಿ ವರ್ಷಾನುಗಟ್ಟಲೆ ಓದಿದ್ದ ಉಮರ್ ಇಬ್ನ್ ಸಯೀದ್ ಅವರನ್ನು 1807ರಲ್ಲಿ ಹಿಡಿದು ಗುಲಾಮರಾಗಿ ಮಾರಿದರು. ನಾರ್ತ್ ಕ್ಯಾರೊಲಿನಾದಲ್ಲಿ 1831ರಲ್ಲಿ ಅವರು ಅರಬ್ಬಿಯಲ್ಲಿ ಆತ್ಮಕಥೆ ಬರೆದರು, ಕುರ್‌ಆನಿನ ಸೂರಾ (ಅಧ್ಯಾಯ) ಮುಲ್ಕ್‌ನಿಂದ ಆರಂಭಿಸಿ. ಗುಲಾಮಗಿರಿಯಲ್ಲೂ ಎದೆಯಲ್ಲಿ ಉಳಿದ ಓದು ಅದು. ಆ ಹಸ್ತಪ್ರತಿ ಈಗ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದೆ. ಮಸೀದಿಗೆಂದೇ ಕಟ್ಟಿ ಇಂದಿಗೂ ಉಳಿದಿರುವ ಅತಿ ಹಳೆಯ ಕಟ್ಟಡ ಅಯೋವಾದ ಸೀಡರ್ ರ‍್ಯಾಪಿಡ್ಸ್‌ನಲ್ಲಿದೆ, 1934ರದು. ಕಾಲೇಜು ಎಂದರೆ ಕ್ಯಾಲಿಫೋರ್ನಿಯಾದ ಬರ್ಕ್ಲಿಯ ಝೈತೂನಾ: 2009ರಲ್ಲಿ ಕಾಲೇಜಾಯಿತು, 2015ರಲ್ಲಿ ಮಾನ್ಯತೆ ಸಿಕ್ಕಿತು. ಅರಬ್ಬಿ ಬಿಗಿಯಾಗಿ ಇರುತ್ತದೆ, ಇಲ್ಲಿಂದಲೇ ವ್ಯಾಕರಣ ಕಲಿತು ಹೋದರೆ ನಿಮಗೆ ಹಗುರ.

ಅಮೆರಿಕದ ಅಣ್ಣ ಕುರ್ಬಾನಿಗೆ ದುಡ್ಡು ಕಳಿಸುತ್ತಾರೆ. ಇಲ್ಲಿ ಬಕ್ರೀದ್ ನಮಾಜು ಮುಗಿದ ಕೂಡಲೇ ಕೊಡುತ್ತೇವೆ. ಸರಿಯೇ? (ನರಸಿಂಹರಾಜಪುರ)

ಸ್ವಲ್ಪ ತಡೆಯಿರಿ. ಎರಡೂ ಕಡೆ ಹಬ್ಬ ಒಂದೇ ತಾರೀಖಿಗೆ ಬಂದರೆ, ನಿಮ್ಮ ಬೆಳಿಗ್ಗೆ 8 ಗಂಟೆ ನ್ಯೂಯಾರ್ಕ್‌ನಲ್ಲಿ ಹಿಂದಿನ ರಾತ್ರಿ 10.30, ಕ್ಯಾಲಿಫೋರ್ನಿಯಾದಲ್ಲಿ ಸಂಜೆ 7.30. ಅಣ್ಣನ ಮೇಲೆ ಕುರ್ಬಾನಿ ವಾಜಿಬ್ (ಕಡ್ಡಾಯ) ಆಗುವುದು ಅವರಲ್ಲಿ ಹತ್ತನೇ ತಾರೀಖಿನ, ಅಂದರೆ ಬಕ್ರೀದ್ ದಿನದ, ಫಜ್ರ್ ಆದ ಮೇಲೆ ಎಂಬುದು ಅನೇಕ ಹನಫಿ ಮುಫ್ತಿಗಳ ಮಾತು. ಅಷ್ಟು ಹೊತ್ತಿಗೆ ನಿಮ್ಮಲ್ಲಿ ಮಧ್ಯಾಹ್ನ ದಾಟಿರುತ್ತದೆ, ಅಣ್ಣ ಕ್ಯಾಲಿಫೋರ್ನಿಯಾದಲ್ಲಿದ್ದರೆ ಸಂಜೆಯೇ ಆಗಿರುತ್ತದೆ. ಆದ್ದರಿಂದ ನಿಮ್ಮ ಮನೆಯ ಕುರಿ ಮೊದಲ ದಿನ, ಅಣ್ಣನ ಹೆಸರಿನದು ಎರಡನೇ ದಿನ ಬೆಳಿಗ್ಗೆ. ಅಮೆರಿಕದಲ್ಲಿ ಹಬ್ಬ ಒಂದು ದಿನ ಮೊದಲೇ ಬಂದ ವರ್ಷವೂ ಈ ಎರಡನೇ ದಿನ ಅವರ ಕುರ್ಬಾನಿಯ ಮೂರು ದಿನದೊಳಗೇ ಬೀಳುತ್ತದೆ. ಮೂರನೇ ದಿನಕ್ಕೆ ಮಾತ್ರ ತಳ್ಳಬೇಡಿ. ಕುರಿಗೆ ಅಣ್ಣನ ಹೆಸರು ಗುರುತು ಮಾಡಿ ಬೇರೆ ಕಟ್ಟಿ, ಕೊಟ್ಟಾದ ಮೇಲೆ ಒಂದು ಫೋನ್ ಮಾಡಿ ತಿಳಿಸಿ.