ಹಳೆಯ ಕಥೆ, ಹೊಸ ಕಿವಿ: ಶ್ರವ್ಯನಾಟಕದ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಅರ್ಧ ಗಂಟೆಯ ವೈಜ್ಞಾನಿಕ ಶ್ರವ್ಯನಾಟಕ ಬರೆದಿದ್ದೇನೆ. ಮಳೆಗಾಲದ ಒಂದು ರಾತ್ರಿ ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಅನ್ಯಗ್ರಹದವರು ಇಳಿಯುತ್ತಾರೆ. ಓದಿದ ಗೆಳೆಯರು ‘ಇದು ನೂರು ವರ್ಷ ಹಳೆಯ ಸರಕು’ ಎಂದರು. ಕೈಬಿಡಲೇ? ಹಸ್ತಪ್ರತಿಯನ್ನು ಜೊತೆಗಿಟ್ಟಿದ್ದೇನೆ.
(ಸಾಗರದ ಓದುಗರೊಬ್ಬರು)

ಉತ್ತರ: ದಯವಿಟ್ಟು ಕೈಬಿಡಬೇಡಿ. ಸರಕು ಹಳೆಯದೇ. ಮಂಗಳ ಗ್ರಹದವರು ಭೂಮಿಯ ಮೇಲೆ ದಾಳಿಯಿಡುವ ಎಚ್.ಜಿ. ವೆಲ್ಸ್ ಅವರ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ ಪುಸ್ತಕವಾಗಿ ಬಂದದ್ದು 1898ರಲ್ಲಿ. ಆದರೆ ನಲವತ್ತು ವರ್ಷಗಳ ಬಳಿಕ, 1938ರ ಅಕ್ಟೋಬರ್ 30ರ ಭಾನುವಾರ ರಾತ್ರಿ, ನ್ಯೂಯಾರ್ಕಿನ ಸಿಬಿಎಸ್ ರೇಡಿಯೊದಲ್ಲಿ ಅದೇ ಸರಕು ಹೇಗೆ ಹೊಸದಾಯಿತು ಎಂಬುದನ್ನು ನೀವು ತಿಳಿಯಬೇಕು. ನಾಟಕ ತಂಡದ ಮುಖ್ಯಸ್ಥ ಆರ್ಸನ್ ವೆಲ್ಸ್‌ಗೆ ಆಗ ಇಪ್ಪತ್ತಮೂರು ವರ್ಷ (ಹೆಸರು ಒಂದೇ ರೀತಿ ಕೇಳಿಸಿದರೂ ಇಬ್ಬರೂ ಬಂಧುಗಳಲ್ಲ). ರೇಡಿಯೊಗಾಗಿ ನಾಟಕ ಬರೆದವರು ಹೊವರ್ಡ್ ಕಾಕ್. ಅವರು ಕಥೆಯನ್ನು ಇಂಗ್ಲೆಂಡಿನಿಂದ ಕಿತ್ತು ನ್ಯೂಜೆರ್ಸಿಯ ಗ್ರೋವರ್ಸ್ ಮಿಲ್ ಎಂಬ ಸಣ್ಣ ಊರಿನಲ್ಲಿ ನೆಟ್ಟರು. ಅದಕ್ಕಿಂತ ಮುಖ್ಯವಾದ ಕೆಲಸ ಇನ್ನೊಂದಿದೆ: ಕಾದಂಬರಿಯಲ್ಲಿ ಎಲ್ಲ ಮುಗಿದ ಮೇಲೆ ಒಬ್ಬಾತ ನೆನೆದು ಹೇಳುವುದನ್ನು ರೇಡಿಯೊದಲ್ಲಿ ಈ ಗಳಿಗೆಯ ವಾರ್ತೆಯಾಗಿ ಕೇಳಿಸಿದರು.

ಮೊದಲು ಹವಾಮಾನ ವರದಿ. ಆಮೇಲೆ ಹೋಟೆಲೊಂದರಿಂದ ನೃತ್ಯಸಂಗೀತ. ಸಂಗೀತವನ್ನು ನಡುವೆ ನಿಲ್ಲಿಸಿ ಒಂದು ಪ್ರಕಟಣೆ: ಮಂಗಳದ ಮೇಲೆ ಸ್ಫೋಟಗಳು ಕಂಡಿವೆ. ಮತ್ತೆ ಸಂಗೀತ. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಯುರೋಪಿನಲ್ಲಿ ಯುದ್ಧದ ಭೀತಿ ಹುಟ್ಟಿಸಿದ ಮ್ಯೂನಿಕ್ ಬಿಕ್ಕಟ್ಟಿನ ಸುದ್ದಿಗಳು ಹೀಗೆಯೇ ಕಾರ್ಯಕ್ರಮಗಳನ್ನು ತುಂಡರಿಸಿ ಬರುತ್ತಿದ್ದವು. ಕೇಳುಗರಿಗೆ ಅದು ರೂಢಿಯಾಗಿತ್ತು.

ಆ ನಾಟಕದಲ್ಲಿ ನನಗೆ ಬಹಳ ಪ್ರಿಯವಾದ ಒಂದು ಜಾಗವಿದೆ. ಆಕಾಶದಿಂದ ಲೋಹದ ಕೊಳವೆ ಬಿದ್ದ ತೋಟದ ಯಜಮಾನನನ್ನು ವರದಿಗಾರ ಮಾತನಾಡಿಸುತ್ತಾನೆ. ಆ ರೈತ ರೇಡಿಯೊ ಕೇಳುತ್ತಾ ತೂಕಡಿಸುತ್ತಿದ್ದೆ ಎಂದು ನಿಧಾನವಾಗಿ ಶುರುಮಾಡುತ್ತಾನೆ. ಮೈಕಿನ ಹತ್ತಿರ ಬನ್ನಿ, ಗಟ್ಟಿಯಾಗಿ ಹೇಳಿ ಎಂದು ವರದಿಗಾರ ಅವಸರಪಡಿಸುತ್ತಾನೆ. ಕಥೆಗೆ ಆ ಮಾತು ಬೇಕಿಲ್ಲ, ನಂಬಿಕೆಗೆ ಬೇಕು. ವರದಿಗಾರನ ಪಾತ್ರ ಮಾಡಿದ ಫ್ರಾಂಕ್ ರೀಡಿಕ್ 1937ರ ಹಿಂಡೆನ್‌ಬರ್ಗ್ ವಾಯುನೌಕೆಯ ದುರಂತದ ಧ್ವನಿಮುದ್ರಣವನ್ನು ಮತ್ತೆ ಮತ್ತೆ ಕೇಳಿ, ಕಣ್ಣೆದುರಿನ ಬೆಂಕಿಗೆ ದನಿ ಹೇಗೆ ಒಡೆಯುತ್ತದೆ ಎಂದು ಕಲಿತಿದ್ದರು. ಕೊನೆಗೆ ಆತ ಮಾತಿನ ನಡುವೆಯೇ ಕಡಿದುಹೋಗುತ್ತಾನೆ. ಆಮೇಲೆ ಏನೂ ಇಲ್ಲ. ಆ ಮೌನವನ್ನು ಸಾಧ್ಯವಾದಷ್ಟೂ ಎಳೆದರು. ಆಕಾಶವಾಣಿಯ ನಾಟಕ ವಿಭಾಗದಲ್ಲಿ ದುಡಿದ ನನಗೆ ಆ ಧೈರ್ಯದ ಬೆಲೆ ಗೊತ್ತು. ಪ್ರಸಾರದಲ್ಲಿ ಖಾಲಿ ಬಿಟ್ಟ ಒಂದೊಂದು ಕ್ಷಣಕ್ಕೂ ನಿಯಂತ್ರಣ ಕೊಠಡಿಯಲ್ಲಿ ಕುಳಿತವರ ಜೀವ ಬಾಯಿಗೆ ಬರುತ್ತದೆ.

ಈಗ ನಿಮ್ಮ ಹಸ್ತಪ್ರತಿ. ಎರಡನೆಯ ಪುಟದಲ್ಲಿ ಅಣ್ಣ ತಮ್ಮನಿಗೆ ಹೇಳುತ್ತಾನೆ: “ಅಗೋ ನೋಡು, ಬೆಳ್ಳಿಯ ಬಣ್ಣದ ದೈತ್ಯ ಯಂತ್ರ ನೀರಿನಿಂದ ಮೇಲೇಳುತ್ತಿದೆ!” ಪಕ್ಕದಲ್ಲೇ ನಿಂತು ನೋಡುತ್ತಿರುವ ತಮ್ಮನಿಗೆ ಇದನ್ನು ಯಾರೂ ಹೇಳುವುದಿಲ್ಲ. ಅದು ಕೇಳುಗರಿಗೆ ಹೇಳಿದ ಮಾತು, ಕೇಳುಗರಿಗೆ ಅದು ಕೂಡಲೇ ತಿಳಿಯುತ್ತದೆ. ಕಾಣದವರಿಗೆ ಹೇಳುವ ಸಂದರ್ಭವನ್ನು ಹುಡುಕಿ. ಆಗ ವಿವರಣೆಯೇ ಸಹಜ ಸಂಭಾಷಣೆಯಾಗುತ್ತದೆ.

ಆ ಸಂದರ್ಭ ನಿಮ್ಮ ಊರಿನಲ್ಲೇ ಇದೆ. ಮಳೆಗಾಲದಲ್ಲಿ ದಿನವೂ ಜಲಾಶಯದ ಮಟ್ಟದ ವರದಿ ಬರುತ್ತದಲ್ಲ, ಅದನ್ನೇ ನಾಟಕದ ಬೆನ್ನೆಲುಬು ಮಾಡಿ. ಗರಿಷ್ಠ ಮಟ್ಟ 1,819 ಅಡಿ. ಇಂದಿನ ಮಟ್ಟ ಇಷ್ಟು. ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು. ಮೊದಲ ದಿನ ಎಲ್ಲವೂ ಸರಿ. ಎರಡನೆಯ ದಿನ ಒಳಹರಿವು ಏರಿದೆ, ಗೇಟು ತೆರೆದಿಲ್ಲ, ವಿದ್ಯುತ್ ಉತ್ಪಾದನೆಗೆ ಬಿಡುವಷ್ಟೇ ನೀರು ಹೊರಗೆ ಹೋಗಿದೆ. ಆದರೂ ಮಟ್ಟ ಒಂದು ಅಡಿ ಇಳಿದಿದೆ. ಓದುವವರ ದನಿಯಲ್ಲಿ ಯಾವ ಬದಲಾವಣೆಯೂ ಬೇಡ. ಮೂರನೆಯ ದಿನ ಅಂಕಿಯ ಮುಂದೆ ಒಂದು ಸಣ್ಣ ತಡವರಿಕೆ. ರಾತ್ರಿ ಅಣೆಕಟ್ಟಿನ ಸಿಬ್ಬಂದಿ ಮೇಲಧಿಕಾರಿಗೆ ದೂರವಾಣಿ ಮಾಡುತ್ತಾರೆ: “ಸರ್, ಅಳತೆಪಟ್ಟಿ ಸರಿಯಾಗಿಯೇ ಇದೆ. ಮೂರು ಸಲ ನೋಡಿದೆ.” ನೀರು ಎಲ್ಲಿಗೆ ಹೋಯಿತು ಎಂದು ಮಲೆನಾಡಿನ ಕೇಳುಗರು ತಾವೇ ಲೆಕ್ಕ ಹಾಕುತ್ತಾರೆ. ನಿಮ್ಮ ಯಂತ್ರ ಮೇಲೇಳುವ ಮೊದಲೇ ಅವರು ಹೆದರಿರುತ್ತಾರೆ. ಅನ್ಯಗ್ರಹ ಎಂಬ ಪದವನ್ನು ಕೊನೆಯ ಐದು ನಿಮಿಷದವರೆಗೆ ಯಾರ ಬಾಯಲ್ಲೂ ಬರಿಸಬೇಡಿ. ತಿದ್ದಿ ಕಳುಹಿಸಿ, ಖಂಡಿತ ಓದುತ್ತೇನೆ.

ಪ್ರಶ್ನೆ: ಆ ಅಮೆರಿಕದ ನಾಟಕ ಕೇಳಿ ಲಕ್ಷಾಂತರ ಜನ ಮನೆ ಬಿಟ್ಟು ಓಡಿದರಂತೆ. ನಿಜವೇ?
(ಮೈಸೂರಿನ ಓದುಗರು)

ಉತ್ತರ: ಹೆದರಿದವರು ಇದ್ದರು, ಪೊಲೀಸರಿಗೆ, ಪತ್ರಿಕಾ ಕಚೇರಿಗಳಿಗೆ ಕರೆಗಳು ಬಂದವು. ಆದರೆ ದೇಶವೇ ಬೀದಿಗೆ ಬಂತು ಎಂಬುದನ್ನು ಪತ್ರಿಕೆಗಳು ಉಬ್ಬಿಸಿದವು. ಜಾಹೀರಾತಿನ ಆದಾಯವನ್ನು ಕಸಿಯುತ್ತಿದ್ದ ರೇಡಿಯೊ ಮೇಲೆ ಅವುಗಳಿಗೆ ಮುನಿಸಿತ್ತು. ಆ ರಾತ್ರಿ ದೂರವಾಣಿ ಮೂಲಕ ನಡೆದ ಕೇಳುಗರ ಸಮೀಕ್ಷೆಯಲ್ಲಿ ಈ ನಾಟಕ ಕೇಳುತ್ತಿದ್ದೇವೆ ಎಂದವರು ಶೇ. 2ರಷ್ಟು ಮಾತ್ರ. ಅನೇಕರು ಅದೇ ಹೊತ್ತಿಗೆ ಬೇರೆ ಕೇಂದ್ರದಲ್ಲಿ ಬರುತ್ತಿದ್ದ ಎಡ್ಗರ್ ಬರ್ಗನ್ ಅವರ ಹಾಸ್ಯ ಕಾರ್ಯಕ್ರಮ ಕೇಳುತ್ತಿದ್ದರು.

ನಿಜವಾದ ದುರಂತ ನಡೆದದ್ದು ಈಕ್ವೆಡಾರ್‌ನ ಕಿಟೊ ನಗರದಲ್ಲಿ, 1949ರ ಫೆಬ್ರುವರಿಯಲ್ಲಿ. ಅಲ್ಲಿನ ರೇಡಿಯೊ ಇದೇ ಕಥೆಯನ್ನು ಸ್ಥಳೀಯ ಊರುಗಳ ಹೆಸರಿಟ್ಟು ಪ್ರಸಾರ ಮಾಡಿತು. ಜನ ಗಾಬರಿಯಾದರು. ಕಟ್ಟುಕಥೆಯೆಂದು ತಿಳಿದಾಗ ಗಾಬರಿ ಸಿಟ್ಟಾಗಿ, ರೇಡಿಯೊ ಕೇಂದ್ರವಿದ್ದ ‘ಎಲ್ ಕೊಮೆರ್ಸಿಯೊ’ ಪತ್ರಿಕೆಯ ಕಟ್ಟಡಕ್ಕೆ ಬೆಂಕಿ ಹಚ್ಚಿದರು. ಒಳಗಿದ್ದ ಕೆಲವರು ಪ್ರಾಣ ಕಳೆದುಕೊಂಡರು. ಆದ್ದರಿಂದ ಸಾಗರದ ಗೆಳೆಯರಿಗೂ ಒಂದು ಮಾತು: ನಿಮ್ಮ ನಾಟಕ ಬಹುಪಾಲು ವಾಟ್ಸ್ಆ್ಯಪ್‌ನಲ್ಲೇ ಹರಿದಾಡುತ್ತದೆ. ಯಾರೋ ನಡುವಿನ ಎರಡು ನಿಮಿಷ ಕತ್ತರಿಸಿ ಕಳುಹಿಸಿದರೆ, ಅಣೆಕಟ್ಟಿನ ಕೆಳಗಿನ ಹಳ್ಳಿಗಳಿಗೆ ಅದು ನಾಟಕವಲ್ಲ. ಅಣೆಕಟ್ಟಿಗೆ ಬೇರೆ ಹೆಸರಿಡಿ, ಗರಿಷ್ಠ ಮಟ್ಟವನ್ನೂ ಬದಲಿಸಿ. ಇದರಲ್ಲಿ ರಾಜಿ ಬೇಡ.

ಪ್ರಶ್ನೆ: ಕಾಲೇಜಿನ ಗೆಳತಿಯರು ಸೇರಿ ಮೊಬೈಲಿನಲ್ಲೇ ನಾಟಕ ಮುದ್ರಿಸುತ್ತಿದ್ದೇವೆ. ಅಂತರಿಕ್ಷ ನೌಕೆಯ ಸದ್ದು ಎಲ್ಲಿ ಸಿಗುತ್ತದೆ?
(ಧಾರವಾಡದ ವಿದ್ಯಾರ್ಥಿನಿ)

ಉತ್ತರ: ಅಡುಗೆಮನೆಯಲ್ಲಿ. ದೊಡ್ಡ ಸ್ಟೀಲ್ ಡಬ್ಬಿಯ ಬಿಗಿಯಾದ ಮುಚ್ಚಳವನ್ನು ಬಚ್ಚಲುಮನೆಯಲ್ಲಿ ನಿಂತು ತೀರ ನಿಧಾನವಾಗಿ ತಿರುಗಿಸಿ, ಮೊಬೈಲನ್ನು ಡಬ್ಬಿಯ ಹತ್ತಿರ ಇಡಿ. ಗೋಡೆಗಳ ಅನುರಣನ ಸೇರಿ ಡಬ್ಬಿ ಎಷ್ಟು ದೊಡ್ಡದಾಗುತ್ತದೆ ನೋಡಿ. 1938ರಲ್ಲಿಯೂ ಕೊಳವೆಯ ಬಾಗಿಲು ತೆರೆಯುವ ಸದ್ದಿಗೆ ಶೌಚಾಲಯದಲ್ಲಿ ಜಾಡಿಯ ಮುಚ್ಚಳ ತಿರುಗಿಸಿದರೆಂಬ ಮಾತು ಪ್ರಸಿದ್ಧ. ಮಾತಿನ ಭಾಗಗಳನ್ನು ಮಾತ್ರ ಅಲ್ಲಿ ಮುದ್ರಿಸಬೇಡಿ. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದು ಅದರ ಎದುರು ಕುಳಿತು ಮಾತನಾಡಿ, ಫ್ಯಾನ್ ಆರಿಸಿ. ಮುದ್ರಣ ಮುಗಿದ ಮೇಲೆ ಅದೇ ಕೋಣೆಯಲ್ಲಿ ಎಲ್ಲರೂ ಸುಮ್ಮನಿದ್ದು ಒಂದು ನಿಮಿಷ ಬರಿಯ ನಿಶ್ಶಬ್ದವನ್ನೂ ಮುದ್ರಿಸಿಕೊಳ್ಳಿ. ಸಂಕಲನದಲ್ಲಿ ಮಾತುಗಳ ನಡುವಿನ ಬಿರುಕು ಮುಚ್ಚಲು ಅದು ಬೇಕೇ ಬೇಕು.